ನಿಂತರೆ ನಿಲ್ಲಲಿ, ಕಳೆಯದಿರಲಿ

ನಮ್ಮ ಬಳಗದಲ್ಲಿ ಮಳೆ ಅಳೆಯುವವರು ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇದೊಂದು ಹಳೇ ಚಟ. ಅಂಗಳದಾಚೆ, ಮರದ ಹನಿ ಬೀಳದ ಕಡೆ, ಒಂದು ಮಳೆಮಾಪಕ ನಿಲ್ಲಿಸಿರುತ್ತಾರೆ. ಬೆಳಿಗ್ಗೆ ತಿಂಡಿ ಮುಗಿಸಿ, ಕೊಡೆ ಹಿಡಿದು ಹೋಗಿ, ನೀರು ಅಳೆದು, ಡೈರಿಯಲ್ಲಿ ಬರೆದ ಮೇಲೇ ಉಳಿದ ಕೆಲಸ. ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನವೂ ಬೆಳಿಗ್ಗೆ 8.30ರಿಂದ ಮರುದಿನ 8.30ರ ತನಕ. ನಮ್ಮ ದೊಡ್ಡಪ್ಪನಂಥವರು ಅದೇ ಹೊತ್ತಿಗೆ ಅಳೆಯುತ್ತಾರೆ, ಹತ್ತು ನಿಮಿಷ ಆಚೀಚೆ ಆದರೆ ಅದನ್ನೂ ಬರೆದಿಡುತ್ತಾರೆ.

ಈ ಅಂಕಿಗಳೆಲ್ಲ ಮೊದಲು ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿದ್ದವು. "ನಮ್ಮಲ್ಲಿ 142." "ಇಲ್ಲಿ 96, ರಾತ್ರಿ ಗಾಳಿ ಜಾಸ್ತಿ, ಎರಡು ಮರ ಬಿತ್ತು." ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಶುಭೋದಯದ ಹೂವು, ಮದುವೆ ಕರೆಯೋಲೆ, ಅಡಿಕೆ ರೇಟು ಎಲ್ಲ ಬಂದು ಕೂರುತ್ತಿದ್ದವು. ಹೋದ ವರ್ಷದ ಜುಲೈಯಲ್ಲಿ ಎಷ್ಟಾಗಿತ್ತು ಅಂತ ಯಾರಾದರೂ ಕೇಳಿದರೆ ಮತ್ತೆ ಡೈರಿಯೇ ಗತಿ. ಹಾಗಾಗಿ ಒಂದು ಪುಟ್ಟ ವೆಬ್ ಆ್ಯಪ್ ಮಾಡಿದೆ. ಊರು ಆರಿಸಿ, ಅಂಕಿ ಹಾಕಿ, ಒತ್ತಿ. ಅಷ್ಟೇ. ಕೊಡಗಿನಲ್ಲಿ ಕಾಫಿ ತೋಟ ಇರುವ ನೆಂಟರೊಬ್ಬರಿಗೆ ಮಿಲಿಮೀಟರ್ ಆಗುವುದಿಲ್ಲ, ಅವರದ್ದೇನಿದ್ದರೂ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಅವರಿಗಾಗಿ ಆ ಲೆಕ್ಕ ಒಳಗೇ ಆಗುವ ಹಾಗೆ ಮಾಡಿಕೊಟ್ಟೆ.

ಇಷ್ಟೂ ಓಡುವುದು ಮೈಸೂರಿನ ನನ್ನ ಮನೆಯಲ್ಲಿ, ಪುಸ್ತಕದ ಕಪಾಟಿನ ಮೇಲಿರುವ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. ಅದೇ ನನ್ನ ಸರ್ವರ್, ಅಂದರೆ ಎಲ್ಲರ ಫೋನಿಗೂ ಆ್ಯಪ್ ಒದಗಿಸುವ ಕಂಪ್ಯೂಟರ್. ಇದನ್ನು ಕೇಳಿದ ಕೂಡಲೇ ಸಾಫ್ಟ್‌ವೇರ್ ಕೆಲಸದ ಗೆಳೆಯರು ಎರಡು ಪಾಳಯ ಆಗುತ್ತಾರೆ. "ಈ ಕಾಲದಲ್ಲಿ ಯಾರಾದರೂ ಮನೇಲಿ ಸರ್ವರ್ ಇಡ್ತಾರಾ?" ಅನ್ನುವವರು ಒಂದು ಕಡೆ. "ಸೂಪರ್, ಕ್ಲೌಡ್ ಅನ್ನೋದೇ ಮೋಸ" ಅನ್ನುವವರು ಇನ್ನೊಂದು ಕಡೆ. (ಕ್ಲೌಡ್ ಅಂದರೆ ಕಂಪನಿಗಳು ತಮ್ಮ ಡೇಟಾ ಸೆಂಟರ್‌ನಲ್ಲಿ ಇಟ್ಟು, ಇಂಟರ್‌ನೆಟ್ ಮೂಲಕ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳು.) ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಯಾಕೆ ಅಂತ ಹೇಳಲು ಈ ಬರಹ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ನನ್ನ ಮಟ್ಟಿಗೆ ಅದು ಅಷ್ಟೇನೂ ಮುಖ್ಯ ಅಲ್ಲ. ಪರದೆ ಆರಿಸಿ ಸುಮ್ನೆ ಕೂತಿರುವ ಹಳೇ ಲ್ಯಾಪ್‌ಟಾಪ್ 10 ವ್ಯಾಟ್ ಹತ್ತಿರ ಕರೆಂಟ್ ತಿನ್ನುತ್ತದೆ. ದಿನವಿಡೀ ಉರಿದರೂ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 45 ರೂಪಾಯಿ ದಾಟುವುದಿಲ್ಲ. ಗೃಹಜ್ಯೋತಿಯ ಮಿತಿಯೊಳಗೆ ಇರುವ ಮನೆಯಾದರೆ ಅದೂ ಇಲ್ಲ. (ಐದು ಗ್ಯಾರಂಟಿಗಳ ಫಲಾನುಭವಿಗಳಲ್ಲಿ ಸರ್ವರ್‌ಗಳೂ ಇವೆ ಅಂತ ಯಾರೂ ಬರೆದಂತಿಲ್ಲ.) ಅದೇ ಆ್ಯಪನ್ನು ಡಿಜಿಟಲ್‌ಓಷನ್ ಅನ್ನುವ ಸರ್ವರ್ ಬಾಡಿಗೆ ಕಂಪನಿಯ ಬೆಂಗಳೂರು ಸೆಂಟರ್‌ನಲ್ಲಿ, ಒಂದು ಜಿಬಿ ಮೆಮೊರಿಯ ಸರ್ವರ್ ತೆಗೆದುಕೊಂಡು ಇಟ್ಟರೆ ತಿಂಗಳಿಗೆ 6 ಡಾಲರ್. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 600 ರೂಪಾಯಿ ಆಸುಪಾಸು ಬರುತ್ತದೆ. ವರ್ಷಕ್ಕೆ ಏಳು ಸಾವಿರದ ಮಾತು. ದೊಡ್ಡ ಮೊತ್ತ ಅಲ್ಲ, ಆದರೆ ಯಾರಿಂದಲೂ ಒಂದು ರೂಪಾಯಿ ಬಾರದ ಮಳೆ ಲೆಕ್ಕಕ್ಕೆ ಕೈಯಿಂದ ಹಾಕುವಾಗ ಒಮ್ಮೆ ಯೋಚನೆ ಬರುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ತಿಂಗಳಿಗೆ ಇಷ್ಟು ಅಂತ ಗೊತ್ತಿರುವ ಬಾಡಿಗೆ ಸರ್ವರ್ ಬೇರೆ, ಬಳಸಿದಷ್ಟಕ್ಕೆ ಬಿಲ್ ಹಾಕುವ ದೊಡ್ಡ ಕ್ಲೌಡ್ ಬೇರೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಮುಂಬೈ ಕೇಂದ್ರ 2016ರಲ್ಲಿ ಶುರುವಾಯಿತು, ಹೈದರಾಬಾದ್‌ದು 2022ರಲ್ಲಿ. ತಾಂತ್ರಿಕವಾಗಿ ನೋಡಿದರೆ ಗಟ್ಟಿ ಮಾಲು. ಆದರೆ ಬಿಲ್ ಓದಲು ಬೇರೆಯೇ ವಿದ್ಯೆ ಬೇಕು. ಸರ್ವರ್‌ಗೆ ಒಂದು ಸಾಲು, ಡಿಸ್ಕಿಗೆ ಒಂದು ಸಾಲು, ಹೊರಗೆ ಹೋಗುವ ಡೇಟಾಕ್ಕೆ ಇನ್ನೊಂದು. ತಿಂಗಳಿಗೆ ಮೊದಲ 100 ಜಿಬಿ ಪುಕ್ಕಟೆ, ಆಮೇಲೆ ಜಿಬಿ ಲೆಕ್ಕ. 2024ರ ಫೆಬ್ರುವರಿಯಿಂದ ಇಂಟರ್‌ನೆಟ್ಟಿನಲ್ಲಿ ಸರ್ವರ್ ಹುಡುಕಲು ಬೇಕಾದ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಬಾಡಿಗೆ. ಅರ್ಧ ಸೆಂಟ್ ಅಂದರೆ ಏನೂ ಅಲ್ಲ ಅನಿಸುತ್ತದೆ. ತಿಂಗಳಿಗೆ ಕೂಡಿಸಿದರೆ ಮೂರೂವರೆ ಡಾಲರ್ ಮೇಲಾಯಿತು, ಬರೀ ವಿಳಾಸಕ್ಕೆ.

37ಸಿಗ್ನಲ್ಸ್ ಅನ್ನುವ ಕಂಪನಿಯ ಕತೆಯನ್ನು ಈ ಚರ್ಚೆಯಲ್ಲಿ ಎಲ್ಲರೂ ಎಳೆದು ತರುತ್ತಾರೆ. ತಂಡದ ಕೆಲಸ ನೋಡಿಕೊಳ್ಳುವ ಬೇಸ್‌ಕ್ಯಾಂಪ್ ಸಾಫ್ಟ್‌ವೇರ್ ಮಾಡಿದವರು. 2022ರಲ್ಲಿ ಕ್ಲೌಡಿಗೆ 32 ಲಕ್ಷ ಡಾಲರ್ ಸುರಿದೆವು ಅಂತ ಲೆಕ್ಕ ಬಿಚ್ಚಿಟ್ಟು, ಡೆಲ್ ಸರ್ವರ್‌ಗಳನ್ನು ಕೊಂಡು, ಮರುವರ್ಷ ಹೊರಗೆ ಬಂದರು. ಓದಲು ಖುಷಿ ಕೊಡುವ ಕತೆ. ಆದರೆ ಅವರೂ ಸರ್ವರ್ ಇಟ್ಟಿದ್ದು ಡೇಟಾ ಸೆಂಟರ್‌ನಲ್ಲೇ, ನೋಡಿಕೊಳ್ಳಲು ಸಂಬಳದ ಜನ ಮೊದಲೇ ಇದ್ದರು. ಕಪಾಟಿನ ಮೇಲಿನ ಲ್ಯಾಪ್‌ಟಾಪಿಗೆ ಅವರನ್ನು ಸಾಕ್ಷಿಗೆ ಕರೆಯುವುದು ಸರಿಯಲ್ಲ.

ದುಡ್ಡಿನ ಬಗ್ಗೆ ಕೊನೆಯ ಮಾತು, ಇದು ಭಾರತದಲ್ಲಿ ಇರುವವರಿಗೆ ಮಾತ್ರ. 2021ರ ಅಕ್ಟೋಬರ್ 1ರಿಂದ ಕಾರ್ಡಿನಲ್ಲಿ ತಿಂಗಳು ತಿಂಗಳು ತಾನಾಗೇ ಕಟ್ ಆಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಗ್ರಾಹಕರ ದೃಷ್ಟಿಯಿಂದ ಒಳ್ಳೆಯ ನಿಯಮವೇ. ಆದರೆ ಹೊರದೇಶದ ಎಷ್ಟೋ ಸೇವೆಗಳ ಆಟೋ ಪೇಮೆಂಟ್ ಆಗ ಮುಗ್ಗರಿಸಿತು. ಬಿಲ್ ಕಟ್ಟಲು ದುಡ್ಡಿದೆ, ಮನಸ್ಸಿದೆ, ಕಾರ್ಡ್ ಒಪ್ಪುತ್ತಿಲ್ಲ. ಮೇಲ್ ನೋಡದೆ ಬಿಟ್ಟವರ ಸರ್ವರ್ ಮೊದಲು ಆಫ್ ಆಗುತ್ತದೆ, ಆಮೇಲೂ ಕಟ್ಟದಿದ್ದರೆ ಅಳಿಸಿಯೇ ಹೋಗುತ್ತದೆ. ಬಾಡಿಗೆ ಸರ್ವರ್ ಇಟ್ಟುಕೊಂಡವರಿಗೆ ಹ್ಯಾಕರ್‌ಗಿಂತ ಹತ್ತಿರದ ಅಪಾಯ ಇದು ಅಂತ ನನ್ನ ಅನಿಸಿಕೆ.

ಇನ್ನು ಮನೆಯಲ್ಲಿ ಇಡುವುದರ ಕಷ್ಟ. ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಆ್ಯಪ್ ಓಡಿಸುವುದು ಅರ್ಧ ದಿನದ ಕೆಲಸ. ಅದನ್ನು ಹೊಸನಗರದಲ್ಲಿ ಕೂತ ದೊಡ್ಡಪ್ಪನ ಫೋನಿಗೆ ಕಾಣುವ ಹಾಗೆ ಮಾಡುವುದೇ ನಿಜವಾದ ಕೆಲಸ.

ಹಳೇ ಪುಸ್ತಕಗಳಲ್ಲಿ ಬರೆದಿರುತ್ತಾರೆ: ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಯಿರಿ, ಮುಗಿಯಿತು. ನಮ್ಮಲ್ಲಿ ಬಹಳ ಮನೆಗಳಿಗೆ ಅದು ನಡೆಯುವುದಿಲ್ಲ. ಐಪಿವಿ4ರಲ್ಲಿ ಇರುವುದೇ ಒಟ್ಟು 430 ಕೋಟಿಯಷ್ಟು ವಿಳಾಸ. ಹಂಚಲು ಇಟ್ಟಿದ್ದ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಖಾಲಿಯಾಯಿತು, ಏಷ್ಯಾ ಪೆಸಿಫಿಕ್ ಭಾಗದ ಪಾಲು ಅದೇ ಏಪ್ರಿಲ್ ಹೊತ್ತಿಗೆ ತಳ ಕಂಡಿತು. ನಮ್ಮಲ್ಲಿ ಮನೆ ಮನೆಗೆ ಫೈಬರ್ ಬಂದಿದ್ದು, ಕೈಗೊಂದು ಸ್ಮಾರ್ಟ್‌ಫೋನ್ ಬಂದಿದ್ದು ಬಹುಪಾಲು ಆಮೇಲೆ. ತಡವಾಗಿ ಬಂದವರಿಗೆ ವಿಳಾಸ ಉಳಿದಿರಲಿಲ್ಲ. ಅದಕ್ಕೆ ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ವಿಳಾಸ ಮಾತ್ರ ಊರಿಗೆ ಗೊತ್ತು, ಒಳಗೆ ಯಾವ ಮನೆ ಯಾರದ್ದು ಅಂತ ವಾಚ್‌ಮನ್‌ಗೂ ಹೇಳಿಲ್ಲ, ಆ ರೀತಿ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನಿಂದ ಹುಡುಕಿಕೊಂಡು ಬಂದವರು ಗೇಟಿನಿಂದಲೇ ವಾಪಸ್.

ನಿಮ್ಮ ಮನೆಯದು ಯಾವುದು ಅಂತ ತಿಳಿಯುವುದು ಸುಲಭ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಗೇಟಿನ ಒಳಗಿನವರು. ಈ ಕೆಲಸಕ್ಕೆಂದೇ 2012ರಲ್ಲಿ ತೆಗೆದಿಟ್ಟ ಸಾಲು ಅದು.

ದಾರಿಗಳು ಇಲ್ಲದೇ ಇಲ್ಲ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಕೆಲವು ಕಂಪನಿಗಳು ಸ್ಟಾಟಿಕ್ ಐಪಿ, ಅಂದರೆ ನಿಮ್ಮದೇ ಆದ ಬದಲಾಗದ ವಿಳಾಸ ಕೊಡುತ್ತವೆ. ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ, ಮೊಬೈಲ್ ಡೇಟಾದ ದಯೆಯಿಂದ. ಅದರಲ್ಲಿ ಪ್ರತಿ ಮನೆಗೂ ಸ್ವಂತ ವಿಳಾಸ ಸಿಗುತ್ತದೆ. ಆದರೆ ಯಾವುದೋ ಆಫೀಸಿನ ವೈಫೈಯಲ್ಲಿ ಕೂತ ನೆಂಟರಿಗೆ ಐಪಿವಿ6 ಇರುವುದಿಲ್ಲ, ಅವರಿಗೆ ಆ್ಯಪ್ ತೆರೆಯುವುದಿಲ್ಲ. ಮೂರನೆಯದು ಟನಲ್. ಲ್ಯಾಪ್‌ಟಾಪೇ ಒಳಗಿನಿಂದ ಹೊರಗಿನ ಒಂದು ಸರ್ವರ್‌ಗೆ ಸಂಪರ್ಕ ಹಿಡಿದುಕೊಂಡು ಕೂರುತ್ತದೆ, ಬರುವವರು ಆ ಸರ್ವರ್ ಮೂಲಕ ಬರುತ್ತಾರೆ. ಕ್ಲೌಡ್‌ಫ್ಲೇರ್ ಇದನ್ನು ಪುಕ್ಕಟೆ ಕೊಡುತ್ತದೆ. ನಾನು ಇರುವುದು ಇದರಲ್ಲೇ.

ಈಗ ನೀವು ನಗಬಹುದು. "ಮನೆಯಲ್ಲೇ ಇಟ್ಟಿದ್ದೀನಿ" ಅಂತ ಎದೆ ತಟ್ಟಿಕೊಂಡವನ ಬಾಗಿಲು ಇರುವುದು ಅಮೆರಿಕದ ಕಂಪನಿಯೊಂದರ ಕೈಯಲ್ಲಿ. ನಿಜ. ಡೇಟಾ ಸಾಗುವಾಗ ಯಾರೂ ಓದದಂತೆ ಹಾಕುವ ಬೀಗವನ್ನು (ಎನ್‌ಕ್ರಿಪ್ಶನ್) ಬಿಚ್ಚಿ ಹಾಕುವುದು ಅವರಲ್ಲೇ, ಅಂದರೆ ಹಾದುಹೋಗುವುದನ್ನು ಅವರು ಓದಬೇಕೆಂದರೆ ಓದಬಹುದು. ಮೇಗರವಳ್ಳಿಯಲ್ಲಿ ನಿನ್ನೆ ಎಷ್ಟು ಮಳೆ ಬಂತು ಅಂತ ಓದಿಕೊಳ್ಳಲಿ ಬಿಡಿ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್‌ನ ಒಳಗಿನ ಒಂದು ಫೈಲ್ ಇರಬೇಕಾದ್ದಕ್ಕಿಂತ ದೊಡ್ಡದಾಗಿ, ಅದರ ಹಿಂದಿದ್ದ ಎಕ್ಸ್, ಚಾಟ್‌ಜಿಪಿಟಿಯಂಥವೂ ಗಂಟೆಗಟ್ಟಲೆ ಎರರ್ ತೋರಿಸಿದವು. ಅಂಥ ದಿನ ಮನೆಯ ಲ್ಯಾಪ್‌ಟಾಪ್ ಎಷ್ಟು ಗಟ್ಟಿಯಾಗಿದ್ದರೂ ಉಪಯೋಗ ಇಲ್ಲ. ಇದು ಬೇಡ ಅನ್ನುವವರು ಒಂದು ಅಗ್ಗದ ಬಾಡಿಗೆ ಸರ್ವರ್ ಹಿಡಿದು, ವೈರ್‌ಗಾರ್ಡ್ ಅನ್ನುವ ಪ್ರೋಗ್ರಾಂ ಹಾಕಿ ತಮ್ಮದೇ ಟನಲ್ ಮಾಡಿಕೊಳ್ಳುತ್ತಾರೆ. ಬಾಡಿಗೆ ಸರ್ವರ್ ಹಿಡಿದ ಮೇಲೆ ಆ್ಯಪನ್ನೇ ಅದರಲ್ಲಿ ಇಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಅವರ ಹತ್ತಿರವೂ ಸರಿಯಾದ ಉತ್ತರ ಇರುವುದಿಲ್ಲ, ಬಿಡಿ.

ಲ್ಯಾಪ್‌ಟಾಪ್ ಸರ್ವರ್ ಆಗಲು ಬೇಕಾದ ಸಣ್ಣಪುಟ್ಟ ಸಂಗತಿಗಳ ಬಗ್ಗೆ ಹೆಚ್ಚು ಜನ ಬರೆಯುವುದಿಲ್ಲ. ಮುಚ್ಚಳ ಮುಚ್ಚಿದರೆ ಅದು ನಿದ್ದೆಗೆ ಹೋಗುತ್ತದೆ. ಲಿನಕ್ಸಿನ ಲಾಗಿನ್‌ಡಿ ಸೆಟ್ಟಿಂಗ್‌ನಲ್ಲಿ ಮುಚ್ಚಳದ ಸ್ವಿಚ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳಬೇಕು. ಬ್ಯಾಟರಿ ಸದಾ ನೂರರಲ್ಲಿ ನಿಂತರೆ ವರ್ಷದೊಳಗೆ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತುವ ಸಂಭವ ಇರುತ್ತದೆ. ಹಲವು ಮಾಡೆಲ್‌ಗಳಲ್ಲಿ 60 ಅಥವಾ 80ಕ್ಕೆ ಚಾರ್ಜ್ ನಿಲ್ಲಿಸಲು ಬರುತ್ತದೆ, ಅದನ್ನು ಹಾಕಿಡಬೇಕು. ಈ ಬ್ಯಾಟರಿಯೇ ಯುಪಿಎಸ್ ಕೆಲಸವನ್ನೂ ಮಾಡುತ್ತದೆ. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬಿಟ್ಟು ಹಳೇ ಲ್ಯಾಪ್‌ಟಾಪ್ ಹಿಡಿದದ್ದಕ್ಕೆ ಇದೇ ಕಾರಣ. ಪೈ ಮುದ್ದಾಗಿರುತ್ತದೆ, ಆದರೆ ಕರೆಂಟ್ ಥಟ್ಟನೆ ಹೋಗಿ ಬಂದು ಮಾಡಿದರೆ ಅದರ ಎಸ್‌ಡಿ ಕಾರ್ಡ್ ಯಾವತ್ತು ಕೈ ಕೊಡುತ್ತದೆ ಹೇಳಲು ಬಾರದು. ಹಾಗಂತ ಲ್ಯಾಪ್‌ಟಾಪ್ ಎದ್ದಿದ್ದರೆ ಸಾಲದು, ರೌಟರ್ ಕೂಡ ಎದ್ದಿರಬೇಕಲ್ಲ. ವೈಫೈ ರೌಟರ್‌ಗೆಂದೇ ಅಂಗಡಿಯಲ್ಲಿ ಪುಟ್ಟ ಯುಪಿಎಸ್ ಸಿಗುತ್ತದೆ, ಲಾಕ್‌ಡೌನ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡಿದವರಿಗೆಲ್ಲ ಇದರ ಪರಿಚಯ ಇದೆ. ಅದೊಂದು ಇದ್ದರೆ ಸಾಮಾನ್ಯ ಪವರ್ ಕಟ್ ಗೊತ್ತೇ ಆಗುವುದಿಲ್ಲ.

ಇಷ್ಟಾದರೂ ಅದು ಆಗಾಗ ನಿಲ್ಲುತ್ತದೆ. ಬೀದಿಯಲ್ಲಿ ಯಾರೋ ಪೈಪಿಗೆಂದು ಅಗೆದರೆ ಫೈಬರ್ ತುಂಡಾಗುತ್ತದೆ. ನಾವು ಹಬ್ಬಕ್ಕೆ ಊರಿಗೆ ಹೋದಾಗಲೇ ರೌಟರ್ ಮುನಿಸಿಕೊಳ್ಳುತ್ತದೆ. ಕೆಲಸದವರು ಧೂಳು ಒರೆಸುವಾಗ ವೈರ್ ಸಡಿಲವಾಗುತ್ತದೆ. ಡೇಟಾ ಸೆಂಟರ್‌ನಲ್ಲಿ ಇವು ಯಾವುವೂ ಆಗುವುದಿಲ್ಲ. ಆ ಮಟ್ಟಿಗೆ ಕ್ಲೌಡ್ ಪಾಳಯದವರು ಹೇಳುವುದು ಪೂರ್ತಿ ಸರಿ.

ಆದರೆ ನಿಂತರೆ ಏನಾಗುತ್ತದೆ? ನನ್ನ ಆ್ಯಪ್ ಬಳಸುವವರ ಕಡೆಯಿಂದ ನೋಡಿ. ಜುಲೈ ತಿಂಗಳಲ್ಲಿ ಮಲೆನಾಡಿನ ಒಳಗಿನ ಮನೆಗಳಲ್ಲಿ ಕರೆಂಟ್ ಎರಡು ಮೂರು ದಿನ ಇಲ್ಲದಿರುವುದು ಹೊಸತಲ್ಲ. ಮರ ಬಿದ್ದು ಲೈನ್ ಹೋಗಿರುತ್ತದೆ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಫೋನಿಗೂ ಸಿಗ್ನಲ್ ಇಲ್ಲ. ಜಾಸ್ತಿ ಮಳೆ ಬಂದ ದಿನ, ಅಂದರೆ ಲೆಕ್ಕ ಎಲ್ಲಕ್ಕಿಂತ ಬೇಕಾದ ದಿನವೇ, ಅಂಕಿ ಕಳಿಸಲು ಆಗುವುದಿಲ್ಲ. ಅವರು ಅದನ್ನು ಡೈರಿಯಲ್ಲಿ ಬರೆದಿಟ್ಟು, ಸಿಗ್ನಲ್ ಬಂದ ಮೇಲೆ ಮೂರು ದಿನದ್ದು ಒಟ್ಟಿಗೆ ಹಾಕುತ್ತಾರೆ. ಹೀಗಾಗಿ ಹಿಂದಿನ ದಿನಗಳ ಅಂಕಿ ತೆಗೆದುಕೊಳ್ಳುವ ವ್ಯವಸ್ಥೆ ಆ್ಯಪಿನಲ್ಲಿ ಮೊದಲಿನಿಂದಲೂ ಇದೆ. ಅಂದಮೇಲೆ ಸರ್ವರ್ ಕಡೆಯಿಂದ ಅರ್ಧ ದಿನ ತೆರೆಯದಿದ್ದರೂ ಅವರಿಗೆ ಅದು ಇನ್ನೊಂದು ಸಿಗ್ನಲ್ ಇಲ್ಲದ ದಿನ, ಅಷ್ಟೇ. ದೊಡ್ಡಪ್ಪ ಫೋನ್ ಮಾಡಿ "ಏನಪ್ಪಾ, ನಿನ್ನ ಆ್ಯಪೂ ಮಳೆಗೆ ಬಿತ್ತಾ?" ಅನ್ನುತ್ತಾರೆ. ನಾನು ರೌಟರ್ ಆಫ್ ಮಾಡಿ ಆನ್ ಮಾಡುತ್ತೇನೆ.

ಕ್ಲೌಡ್ ಕಂಪನಿಗಳ ಜಾಹೀರಾತಿನಲ್ಲಿ ಒಂಬತ್ತುಗಳ ಸಾಲು ಇರುತ್ತದೆ. 99.9 ಪರ್ಸೆಂಟ್ ಅಂದರೆ ತಿಂಗಳಿಗೆ 43 ನಿಮಿಷ ನಿಲ್ಲಬಹುದು. 99.99 ಅಂದರೆ ನಾಲ್ಕು ನಿಮಿಷ ಚಿಲ್ಲರೆ. ಬ್ಯಾಂಕಿಗೆ, ರೈಲ್ವೆ ಟಿಕೆಟ್ಟಿಗೆ, ಆಸ್ಪತ್ರೆಗೆ ಆ ನಾಲ್ಕು ನಿಮಿಷ ದೊಡ್ಡದು. ಬೆಳಿಗ್ಗೆ ಒಮ್ಮೆ ಅಂಕಿ ಹಾಕಿ ಮುಚ್ಚುವ ಆ್ಯಪಿಗೆ ಅದನ್ನು ದುಡ್ಡು ಕೊಟ್ಟು ಕೊಳ್ಳುವುದು ಯಾಕೆ? ಇನ್ನೂ ಒಂದಿದೆ. ಆ ಒಂಬತ್ತುಗಳು ನಿಲ್ಲದೆ ಓಡುವುದರ ಬಗ್ಗೆ ಮಾತ್ರ. ಹೇಳಿದಷ್ಟು ಓಡದಿದ್ದರೆ ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ. ನಿಮ್ಮ ಡೇಟಾ ಹೋದರೆ ತಂದುಕೊಡುತ್ತೇವೆ ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ.

ಈ ಎರಡನ್ನು ಜನ ಕಲಸಿಕೊಳ್ಳುತ್ತಾರೆ, ನನ್ನ ತಕರಾರೆಲ್ಲ ಅದರ ಮೇಲೇ. ನಿಲ್ಲುವುದು ಬೇರೆ, ಕಳೆಯುವುದು ಬೇರೆ. 2025ರ ಅಕ್ಟೋಬರ್ 20ರಂದು ಎಡಬ್ಲ್ಯುಎಸ್‌ನ ವರ್ಜೀನಿಯಾ ಕೇಂದ್ರದಲ್ಲಿ ಡೈನಮೋಡಿಬಿ ಅನ್ನುವ ಡೇಟಾಬೇಸ್ ಸೇವೆಯ ಡಿಎನ್‌ಎಸ್ ದಾಖಲೆ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಪಟ್ಟಿ) ಖಾಲಿಯಾಗಿ ಸ್ನ್ಯಾಪ್‌ಚಾಟ್, ಸಿಗ್ನಲ್ ಸೇರಿ ಅರ್ಧ ಇಂಟರ್‌ನೆಟ್ ನಿಂತಿತು ಅನ್ನುವಷ್ಟು ಗದ್ದಲ ಆಯಿತು. ಅದು ನಿಂತದ್ದು. ರಾತ್ರಿಯೊಳಗೆ ಎದ್ದಿತು. ಕಳೆದದ್ದರ ಕತೆಗಳು ಬೇರೆ ರೀತಿಯವು.

2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ್ದರಲ್ಲಿ ಒಂದು ಭಾಗ ಹೋಯಿತು. ಲಕ್ಷಗಟ್ಟಲೆ ವೆಬ್‌ಸೈಟುಗಳು ಮರೆಯಾದವು. ಆ ಸೈಟುಗಳ ಮಾಲೀಕರಲ್ಲಿ ಎಷ್ಟೋ ಜನ, ಡೇಟಾ ಸೆಂಟರ್‌ನಲ್ಲಿ ಇಟ್ಟಿದ್ದೇವೆ ಅಂದಮೇಲೆ ಬ್ಯಾಕಪ್ ಇದ್ದೇ ಇರುತ್ತದೆ ಅಂದುಕೊಂಡಿದ್ದವರು. ಕೆಲವರು ದುಡ್ಡು ಕೊಟ್ಟು ಬ್ಯಾಕಪ್ ತೆಗೆದುಕೊಂಡಿದ್ದರು, ಅದೂ ಅದೇ ಜಾಗದಲ್ಲಿತ್ತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನುವ ಪಿಂಚಣಿ ನಿಧಿಯ ಸರ್ವರ್‌ಗಳು ಓಡುತ್ತಿದ್ದ ಪ್ರೈವೇಟ್ ಕ್ಲೌಡನ್ನೇ ಗೂಗಲ್ ಕ್ಲೌಡ್ ತಪ್ಪಾಗಿ ಅಳಿಸಿತು. ಹೊಂದಿಸುವಾಗ ಒಂದು ಆಯ್ಕೆಯನ್ನು ಖಾಲಿ ಬಿಟ್ಟಿದ್ದರಿಂದ ಅದಕ್ಕೆ ಒಂದು ವರ್ಷದ ಅವಧಿ ಕೂತಿತ್ತು, ಅವಧಿ ಮುಗಿದಾಗ ತಾನೇ ಅಳಿಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಒಂದು ವಾರಕ್ಕೂ ಹೆಚ್ಚು ಕಾಲ ತಮ್ಮ ಖಾತೆ ನೋಡಲು ಆಗಲಿಲ್ಲ. ಬೇರೊಂದು ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದರು, ಎದ್ದು ನಿಲ್ಲಲು ಅದು ನೆರವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರ್‌ಗೆ ಬ್ಯಾಟರಿಯಿಂದ ಬೆಂಕಿ ಹತ್ತಿ, ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಬೂದಿಯಾಯಿತು. ಗಾತ್ರ ಬಹಳ ದೊಡ್ಡದು ಅಂತ ಅದಕ್ಕೆ ಹೊರಗಿನ ಬ್ಯಾಕಪ್ಪೇ ಇರಲಿಲ್ಲ. ಇವರೆಲ್ಲ ನನ್ನ ಹಾಗೆ ಕಪಾಟಿನ ಮೇಲೆ ಇಟ್ಟವರಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಗಿಟ್‌ಲ್ಯಾಬ್‌ದು, ಇಷ್ಟ ಅನ್ನುವುದು ಸ್ವಲ್ಪ ಕ್ರೂರವೇ. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಡುವ ತಾಣ ಅದು. 2017ರ ಜನವರಿ 31ರ ರಾತ್ರಿ ಸುಸ್ತಾಗಿದ್ದ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್‌ನಲ್ಲಿ ಇದ್ದೇನೆ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸ್ ಅಳಿಸಿದರು. ತಕ್ಷಣ ನಿಲ್ಲಿಸಿದರೂ 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ಪಿಗೆಂದು ಐದು ಬಗೆಯ ವ್ಯವಸ್ಥೆ ಇತ್ತು. ಒಂದೂ ಸರಿಯಾಗಿ ಕೆಲಸಕ್ಕೆ ಬರಲಿಲ್ಲ. ದಿನವೂ ಆಗಬೇಕಿದ್ದ ಬ್ಯಾಕಪ್ ವರ್ಷನ್ ಹೊಂದದೆ ಸುಮ್ನೆ ವಿಫಲವಾಗುತ್ತಿತ್ತು, ವಿಫಲವಾಯಿತು ಅಂತ ಹೇಳಬೇಕಿದ್ದ ಮೇಲ್‌ಗಳೂ ತಿರಸ್ಕಾರವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಬೇರೇನೋ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಮೆಚ್ಚಬೇಕಾದ್ದು ಅಂದರೆ, ಅವರು ಏನನ್ನೂ ಮುಚ್ಚಿಡಲಿಲ್ಲ. ಸರಿಪಡಿಸುವುದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು.

ಹೀಗಾಗಿ ನನ್ನ ಶ್ರಮ ಎಲ್ಲ ಕಳೆಯದಿರುವುದರ ಕಡೆ. ಇಡೀ ಮಳೆ ಲೆಕ್ಕ ಇರುವುದು ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿ. ಇಷ್ಟು ವರ್ಷದ್ದು ಸೇರಿಸಿದರೂ ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕಿಂತ ಚಿಕ್ಕದು. ಓಡುತ್ತಿರುವ ಎಸ್‌ಕ್ಯೂಲೈಟ್ ಫೈಲನ್ನು ಹಾಗೇ ಕಾಪಿ ಮಾಡಬಾರದು, ಬರೆಯುತ್ತಿರುವ ಮಧ್ಯದಲ್ಲಿ ಸಿಕ್ಕಿದರೆ ಪ್ರತಿ ಕೆಟ್ಟಿರುತ್ತದೆ. ಅದಕ್ಕೆಂದೇ ವ್ಯಾಕ್ಯೂಮ್ ಇನ್‌ಟು ಅನ್ನುವ ಆಜ್ಞೆ ಇದೆ, ಸರಿಯಾದ ಪೂರ್ತಿ ಪ್ರತಿ ತೆಗೆದುಕೊಡುತ್ತದೆ. ರಾತ್ರಿ ಅದು ಓಡುತ್ತದೆ, ರೆಸ್ಟಿಕ್ ಅನ್ನುವ ಪ್ರೋಗ್ರಾಂ ಆ ಪ್ರತಿಗೆ ಬೀಗ ಹಾಕಿ ಎರಡು ಕಡೆ ಕಳಿಸುತ್ತದೆ. ಒಂದು ಶಿವಮೊಗ್ಗದಲ್ಲಿರುವ ತಮ್ಮನ ಮನೆಯ ಹಾರ್ಡ್ ಡಿಸ್ಕ್. ಇನ್ನೊಂದು ಕ್ಲೌಡ್. ಹೌದು, ಕ್ಲೌಡೇ. ಕಡತ ಇಡುವ ಕೆಲಸದಲ್ಲಿ ಅದನ್ನು ಮೀರಿಸುವುದು ನನ್ನಿಂದ ಆಗುವುದಿಲ್ಲ, ಇಷ್ಟು ಚಿಕ್ಕ ಫೈಲಿಗೆ ತಿಂಗಳಿಗೆ ಪೈಸೆ ಲೆಕ್ಕದಲ್ಲೂ ಬಿಲ್ ಬರುವುದಿಲ್ಲ. ಓಡಿಸಲು ಮನೆ, ಕಾಪಾಡಲು ಕ್ಲೌಡ್. ಎರಡು ಪಾಳಯದವರಿಗೂ ಇದು ಹಿಡಿಸುವುದಿಲ್ಲ.

ಆಗಾಗ ಬ್ಯಾಕಪ್ಪಿನಿಂದ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಆ್ಯಪನ್ನು ಮೊದಲಿನಿಂದ ನಿಲ್ಲಿಸಿ ನೋಡುತ್ತೇನೆ. ಪ್ರೋಗ್ರಾಂ ಒಂದು ಫೈಲ್, ಡೇಟಾ ಒಂದು ಫೈಲ್, ಸೆಟ್ಟಿಂಗ್ ಒಂದು ಫೈಲ್. ಕಾಫಿ ಕುಡಿದು ಮುಗಿಸುವುದರೊಳಗೆ ಎದ್ದು ನಿಲ್ಲುತ್ತದೆ. ಇದರಿಂದ ಇನ್ನೊಂದು ಲಾಭ ಇದೆ. ನಾಳೆ ಮನೆಯಲ್ಲಿ ಇಡುವುದು ಬೇಡ ಅನಿಸಿದರೆ ಅದೇ ಮೂರು ಫೈಲನ್ನು ಬಾಡಿಗೆ ಸರ್ವರ್‌ಗೆ ಹಾಕಿ, ಡೊಮೈನ್ ಹೆಸರನ್ನು (ಆ್ಯಪಿನ ವೆಬ್ ವಿಳಾಸ) ಆ ಕಡೆ ತಿರುಗಿಸಿದರೆ ಆಯಿತು. ಡೊಮೈನ್ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ, ಯಾರೋ ಪುಕ್ಕಟೆ ಕೊಟ್ಟ, ಅವರ ಕಂಪನಿಯ ಹೆಸರೇ ಬಾಲವಾಗಿರುವ ಹೆಸರು ಬೇಡ. 2022ರ ನವೆಂಬರ್‌ನಲ್ಲಿ ಆ್ಯಪ್ ಓಡಿಸಿಕೊಡುವ ಹೆರೋಕು ಕಂಪನಿ ತನ್ನ ಪುಕ್ಕಟೆ ಸೇವೆ ನಿಲ್ಲಿಸಿದಾಗ ವಿದ್ಯಾರ್ಥಿಗಳ, ಹವ್ಯಾಸಿಗಳ ಎಷ್ಟೋ ಆ್ಯಪ್‌ಗಳು ಹೆಸರಿನ ಸಮೇತ ಹೋದವು.

ಕಳ್ಳರ ಬಗ್ಗೆ ಹೇಳದಿದ್ದರೆ ಬೈಸಿಕೊಳ್ಳಬೇಕಾಗುತ್ತದೆ. ಡೊಮೈನ್ ಹಾಕಿ ಆ್ಯಪ್ ಮೇಲೆತ್ತಿದ ಕೂಡಲೇ ಸರ್ವರ್‌ಗೆ ಬಂದುಹೋದವರ ದಾಖಲೆಯಲ್ಲಿ (ಲಾಗ್) ಅಪರಿಚಿತರು ಬರಲು ಶುರು. ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನ ಲಾಗಿನ್ ಪುಟ ಕೇಳುತ್ತಾರೆ, ಪಾಸ್‌ವರ್ಡ್ ಬರೆದಿಟ್ಟ ಕಡತ ಇದೆಯಾ ಅಂತ ಹುಡುಕುತ್ತಾರೆ. ನನ್ನಲ್ಲಿ ವರ್ಡ್‌ಪ್ರೆಸ್ಸೇ ಇಲ್ಲ. ಅವು ಯಂತ್ರಗಳು, ಎಲ್ಲರ ಬಾಗಿಲನ್ನೂ ತಟ್ಟುತ್ತಾ ಹೋಗುತ್ತವೆ. ಬಾಡಿಗೆ ಸರ್ವರ್ ಆದರೂ ಇಷ್ಟೇ. ವ್ಯತ್ಯಾಸ ಏನೆಂದರೆ, ಅಲ್ಲಿ ಒಳಗೆ ನುಗ್ಗಿದವನಿಗೆ ಆ ಸರ್ವರ್ ಸಿಗುತ್ತದೆ. ಮನೆಯಲ್ಲಿ ನುಗ್ಗಿದವನಿಗೆ ಅದೇ ವೈಫೈಯಲ್ಲಿರುವ ಟಿವಿ, ಕ್ಯಾಮೆರಾ, ಹೆಂಡತಿಯ ಆಫೀಸ್ ಲ್ಯಾಪ್‌ಟಾಪ್ ಎಲ್ಲ ಪಕ್ಕದಲ್ಲೇ ಸಿಗುತ್ತವೆ. ಸರ್ವರ್ ಅನ್ನು ಗೆಸ್ಟ್ ನೆಟ್‌ವರ್ಕಿಗೆ ಹಾಕಿ ಬೇರೆ ಮಾಡುವುದು, ದೂರದಿಂದ ಸರ್ವರ್ ಒಳಗೆ ಹೋಗುವ ದಾರಿಯಾದ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದಲು ಕೀ ಇಡುವುದು, ಅಪ್‌ಡೇಟ್ ತಾನೇ ಆಗುವ ಹಾಗೆ ಬಿಡುವುದು, ಇಷ್ಟು ಮಾಡದೆ ಮನೆಯಲ್ಲಿ ಇಡಬೇಡಿ.

ಇಮೇಲ್ ಸರ್ವರ್ ಕೂಡ ಮನೆಯಲ್ಲಿ ಬೇಡ. ಮನೆಯ ಸಂಪರ್ಕಗಳಲ್ಲಿ ಮೇಲ್ ಸಾಗುವ ಪೋರ್ಟ್ 25 ಸಾಮಾನ್ಯವಾಗಿ ಮುಚ್ಚಿರುತ್ತದೆ, ತೆರೆದಿದ್ದರೂ ಮನೆಯ ವಿಳಾಸದಿಂದ ಬಂದ ಮೇಲನ್ನು ಜಿಮೇಲ್‌ನಂಥವರು ಸ್ಪ್ಯಾಮಿಗೆ ತಳ್ಳುತ್ತಾರೆ. ಆ ಜಗಳದಲ್ಲಿ ಗೆದ್ದವರನ್ನು ನಾನು ನೋಡಿಲ್ಲ.

ಇತ್ತೀಚೆಗೆ ಗೆಳೆಯನೊಬ್ಬ ಇದೇ ಪ್ರಶ್ನೆ ತಂದ. ಅವನ ಅಕ್ಕ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಾರೆ. ಅಪಾಯಿಂಟ್‌ಮೆಂಟ್ ಹಾಕಲು ಇವನೇ ಒಂದು ಆ್ಯಪ್ ಬರೆದಿದ್ದಾನೆ. "ನಿನ್ನ ಹಾಗೆ ನಾನೂ ಮನೇಲಿ ಒಂದು ಲ್ಯಾಪ್‌ಟಾಪ್ ಇಡ್ಲಾ?" ಅಂದ. ಬೇಡ ಅಂದೆ. ಅವನಿಗೆ ಆಶ್ಚರ್ಯ. ಆದರೆ ಅಲ್ಲಿ ಲೆಕ್ಕ ಉಲ್ಟಾ. ಬೆಳಿಗ್ಗೆ ಹತ್ತಕ್ಕೆ ಆ್ಯಪ್ ತೆರೆಯದಿದ್ದರೆ ಸೊಂಟ ಹಿಡಿದುಕೊಂಡು ಬಂದವರು ಬಾಗಿಲಲ್ಲಿ ನಿಲ್ಲುತ್ತಾರೆ, ಬೈಸಿಕೊಳ್ಳುವವರು ಅಕ್ಕ. ಅಲ್ಲಿರುವುದು ಬೇರೆಯವರ ಫೋನ್ ನಂಬರ್, ನೋವಿನ ವಿವರ. 2023ರಲ್ಲಿ ಬಂದ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ ಅದನ್ನು ಜೋಪಾನ ಮಾಡುವ ಹೊಣೆ ಕ್ಲಿನಿಕ್ಕಿನದು. ಅದನ್ನೆಲ್ಲ ಟಿವಿ ಇರುವ ವೈಫೈಯಲ್ಲಿ, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಲ್ಯಾಪ್‌ಟಾಪಿನಲ್ಲಿ ಇಡುವುದು ಸರಿಯಲ್ಲ. ಇವನು ತಿಂಗಳಿಗೆ ಎರಡು ಸಲ ಕೆಲಸದ ಮೇಲೆ ಪುಣೆಗೆ ಹೋಗುತ್ತಾನೆ, ರೌಟರ್ ಆಫ್ ಆನ್ ಮಾಡುವವರು ಯಾರು?

ಹಾಗಾಗಿ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲೇ ಒಂದು ಬಾಡಿಗೆ ಸರ್ವರ್ ಹಿಡಿದ. ತಿಂಗಳ ಬಾಡಿಗೆ ಗೊತ್ತಿರುವಂಥದ್ದು. ಕ್ಲಿನಿಕ್ಕಿನ ಒಂದು ಸಿಟ್ಟಿಂಗ್ ಫೀಸಿನಷ್ಟೂ ಆಗುವುದಿಲ್ಲ, ಅಕ್ಕ ಎರಡನೇ ಮಾತಿಲ್ಲದೆ ಒಪ್ಪಿದರು. ಕಾರ್ಡಿನ ಗೋಜು ಬೇಡ ಅಂತ ಮೊದಲೇ ಆರು ತಿಂಗಳ ದುಡ್ಡು ಹಾಕಿಟ್ಟಿದ್ದಾರೆ. ಬ್ಯಾಕಪ್ ಬೇರೆ ಕಂಪನಿಗೆ ಹೋಗುತ್ತದೆ, ಬೀಗದ ಪಾಸ್‌ವರ್ಡ್ ಒಂದು ಕಾಗದದಲ್ಲಿ ಬರೆದು ಕ್ಲಿನಿಕ್ಕಿನ ಬೀರುವಿನಲ್ಲಿದೆ. ಎಲ್ಲ ಸರಿಯಾಗಿದೆ. ಆ ಬ್ಯಾಕಪ್ಪಿನಿಂದ ಒಮ್ಮೆ ಆ್ಯಪ್ ಎಬ್ಬಿಸಿ ನೋಡಿದೆಯಾ ಅಂತ ಸಿಕ್ಕಾಗಲೆಲ್ಲ ಕೇಳುತ್ತಿದ್ದೇನೆ. ಈ ಭಾನುವಾರ ಗ್ಯಾರಂಟಿ ಅನ್ನುತ್ತಾನೆ.